ದಿನಪತ್ರಿಕೆಯ ಪದಬಂಧ: ಹನ್ನೊಂದು ವರ್ಷಗಳ ಬಳಕೆಯ ನಂತರ

ನಮ್ಮ ಮನೆಗೆ ಬರುವ ಕನ್ನಡ ದಿನಪತ್ರಿಕೆಯ ಪದಬಂಧವನ್ನು ಹನ್ನೊಂದು ವರ್ಷಗಳಿಂದ ಬಿಡಿಸುತ್ತಾ ಬಂದಿದ್ದೇನೆ. ಊರಿನಲ್ಲಿ ಇಲ್ಲದ ದಿನಗಳನ್ನೂ ಹಬ್ಬದ ಮರುದಿನ ಪತ್ರಿಕೆ ಬಾರದ ಬೆಳಗುಗಳನ್ನೂ ಬಿಟ್ಟರೆ ತಪ್ಪಿಸಿದ್ದು ಕಡಿಮೆ. ಪತ್ರಿಕೆಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ನಾನು ಬರೆಯುವ ಗುಣದೋಷಗಳು ಕನ್ನಡದ ಬಹುಪಾಲು ಪದಬಂಧಗಳಿಗೆ ಹೊಂದುತ್ತವೆ ಎಂಬುದು ಬೇರೆ ಪತ್ರಿಕೆಗಳನ್ನೂ ಆಗಾಗ ತರಿಸಿ ನೋಡಿದ ಮೇಲೆ ನನಗೆ ಮನವರಿಕೆಯಾಗಿದೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಉಳಿದ ಒಂದನ್ನು ಏಕೆ ಹಿಡಿದಿಟ್ಟುಕೊಂಡೆ ಎಂಬುದನ್ನು ಮುಂದೆ ಹೇಳುತ್ತೇನೆ.

ಪದಬಂಧದ ಮೂಲ ನಮ್ಮದಲ್ಲ. ಲಿವರ್‌ಪೂಲಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಆರ್ಥರ್ ವಿನ್ ಎಂಬ ಪತ್ರಕರ್ತ 1913ರ ಡಿಸೆಂಬರ್ 21ರ 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ವಜ್ರಾಕೃತಿಯ ಒಂದು ಚೌಕಟ್ಟನ್ನು ಪ್ರಕಟಿಸಿದ್ದೇ ಇದರ ಆರಂಭ. ಆದರೆ ಕನ್ನಡಕ್ಕೆ ಬಂದ ಮೇಲೆ ಈ ಆಟದ ಸ್ವಭಾವವೇ ಬದಲಾಯಿತು. ಇಂಗ್ಲಿಷಿನಲ್ಲಿ ಒಂದು ಮನೆಗೆ 26 ಅಕ್ಷರಗಳಲ್ಲಿ ಒಂದು ಬರಬೇಕು, ಅಷ್ಟೆ. ನಮ್ಮಲ್ಲಿ 34 ವ್ಯಂಜನಗಳಿಗೆ 13 ಸ್ವರಗಳು ಸೇರಿದರೆ ಕಾಗುಣಿತವೇ 442 ಆಗುತ್ತದೆ. ಅದರ ಮೇಲೆ ಬಿಡಿ ಸ್ವರಗಳು, ಅನುಸ್ವಾರ, ಒತ್ತಕ್ಷರಗಳು. 'ಸೂರ್ಯ' ಎಂಬ ಪದಕ್ಕೆ ಎರಡೇ ಮನೆ, 'ಅಕ್ಕ'ನಿಗೂ ಎರಡೇ ಮನೆ. ಹೀಗಾಗಿ ಎರಡು ಪದಗಳು ಒಂದನ್ನೊಂದು ಹಾಯುವ ಮನೆಯಲ್ಲಿ ಕೂರುವ ಅಕ್ಷರ ಬಹಳ ಗಟ್ಟಿಯಾದ ಸುಳಿವಾಗುತ್ತದೆ. ಅಲ್ಲಿ 'ಕ' ಇದ್ದರೆ ಸಾಲದು, ಅದು 'ಕಾ'ನೋ 'ಕೆ'ಯೋ 'ಕ್ಕೆ'ಯೋ ಎಂಬುದೂ ತೀರ್ಮಾನವಾಗಿರುತ್ತದೆ. ಒಂದು ಅಕ್ಷರ ಖಚಿತವಾದರೆ ಸಾಕು, ಅಡ್ಡ ಬರುವ ಪದ ಅರ್ಧ ಸಿಕ್ಕಂತೆಯೇ. ರಚಿಸುವವರಿಗೆ ಮಾತ್ರ ಇದೇ ದೊಡ್ಡ ಕಷ್ಟ. ಕೋಲಾರ ಜಿಲ್ಲೆಯವರಾದ ಎ. ಎನ್. ಪ್ರಹ್ಲಾದರಾವ್ ಅವರು ಕನ್ನಡದಲ್ಲಿ ಹತ್ತಾರು ಸಾವಿರ ಪದಬಂಧಗಳನ್ನು ರಚಿಸಿ ಲಿಮ್ಕಾ ದಾಖಲೆಯ ಪುಸ್ತಕದಲ್ಲಿ ಹೆಸರು ಪಡೆದಿದ್ದಾರೆ. ಒಂದು ಭಾನುವಾರ ನಾನೇ ಐದು ಮನೆ ಉದ್ದ, ಐದು ಮನೆ ಅಗಲದ ಒಂದು ಚೌಕಟ್ಟನ್ನು ತುಂಬಲು ಕುಳಿತು ಸಂಜೆಯವರೆಗೆ ಒದ್ದಾಡಿದ ಮೇಲೆ ಆ ಸಂಖ್ಯೆಯ ತೂಕ ನನಗೆ ಅರ್ಥವಾಯಿತು.

ಸುಳಿವುಗಳ ವಿಷಯಕ್ಕೆ ಬರುತ್ತೇನೆ. ನನ್ನ ಅಂದಾಜಿನಲ್ಲಿ ದಿನದ ಸುಳಿವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಮಾನಾರ್ಥಕ ಪದಗಳು. 'ಸೂರ್ಯ (2)' ಎಂದರೆ ರವಿ ಅಥವಾ ಭಾನು, 'ಕಮಲ (3)' ಎಂದರೆ ನೀರಜ, ಜಲಜ, ವನಜ, ಅಂಬುಜ, ಪಂಕಜಗಳಲ್ಲಿ ಒಂದು. ಮೊದಲ ಒಂದೆರಡು ವರ್ಷ ಇವು ನನಗೆ ಬೇಸರ ತರಿಸುತ್ತಿದ್ದವು. ಆಮೇಲೆ ಒಂದು ದಿನ, ಕೊನೆಯ ಮನೆಯಲ್ಲಿ 'ಜ' ಎಂದು ನಿಶ್ಚಿಂತೆಯಿಂದ ಬರೆದು ಮೊದಲ ಎರಡು ಮನೆಗಳಿಗಾಗಿ ಕಾಯುತ್ತಿದ್ದಾಗ, ಈ ಐದೂ ಪದಗಳು ಒಂದೇ ಅಚ್ಚಿನಲ್ಲಿ ಎರಕಗೊಂಡಿರುವುದು ಕಣ್ಣಿಗೆ ಬಿತ್ತು: 'ಜ' ಎಂದರೆ ಹುಟ್ಟಿದ್ದು, ನೀರ, ಜಲ, ಅಂಬು ಎಲ್ಲವೂ ನೀರೇ. 'ವನಜ'ದಲ್ಲಿ ಕಾಡೇಕೆ ಬಂತು ಎಂದು ನಿಘಂಟು ತೆಗೆದರೆ, ಸಂಸ್ಕೃತದಲ್ಲಿ 'ವನ'ಕ್ಕೆ ನೀರು ಎಂಬ ಅರ್ಥವೂ ಇದೆ. 'ಪಂಕಜ' ಒಂದೇ ಕೆಸರಿನ ಮಗಳು. ಅಲ್ಲಿಂದ ಮುಂದೆ ಸವಕಲು ಸುಳಿವನ್ನೂ ನಾನು ತಾತ್ಸಾರದಿಂದ ಕಂಡಿಲ್ಲ.

ಆದರೂ ನಾನು ಬೆಳಿಗ್ಗೆ ಆರೂವರೆಗೆ ಗೇಟಿನ ಬಳಿ ಕಾಯುವುದು ಇನ್ನೊಂದು ಬಗೆಯ ಸುಳಿವಿಗಾಗಿ. ಉತ್ತರ ಸಿಕ್ಕ ಮೇಲೂ ಮುಗಿಯದ, ಇಡೀ ದಿನ ತಲೆಯಲ್ಲಿ ಸುಳಿಯುತ್ತಲೇ ಇರುವ ಪದ ಇಂತಹ ಸುಳಿವಿನಿಂದ ಸಿಗುತ್ತದೆ. ನಾಲ್ಕು ವರ್ಷಗಳ ಹಿಂದಿನ ಒಂದನ್ನು ಹೇಳುತ್ತೇನೆ. ಎಡದಿಂದ ಬಲಕ್ಕೆ ನಾಲ್ಕು ಮನೆ. ಸುಳಿವು 'ಬಾಣಭಟ್ಟನ ನಾಯಕಿ ಈಗ ಗ್ರಂಥಾಲಯದ ಕಪಾಟಿನಲ್ಲಿದ್ದಾಳೆ'. ಎರಡನೆಯ ಮನೆಯ ಮೇಲಿನಿಂದ 'ಮೃದಂಗ' ಇಳಿದು ಬಂದಿತ್ತು, ಆದ್ದರಿಂದ ಅಲ್ಲಿ 'ದಂ' ಇತ್ತು. ಶಿರಾಳಕೊಪ್ಪದಲ್ಲಿರುವ ಅಮ್ಮನೂ ಅದೇ ಪತ್ರಿಕೆ ತರಿಸುತ್ತಾರೆ, ಏಳೂವರೆಗೆ ನಾವಿಬ್ಬರೂ ಫೋನಿನಲ್ಲಿ ಉತ್ತರಗಳನ್ನು ತಾಳೆ ನೋಡುತ್ತೇವೆ. ಅಂದು ಕೇಳಿದರೆ, "ಹೇಳೋದಿಲ್ಲ ಕಣೇ, ದಿನಾ ಓದೋ ಪದ ಅದು, ನೀನೇ ಹುಡುಕು" ಎಂದರು. ಉತ್ತರ 'ಕಾದಂಬರಿ'.

ಏಳನೆಯ ಶತಮಾನದಲ್ಲಿ ಹರ್ಷನ ಆಸ್ಥಾನದಲ್ಲಿದ್ದ ಬಾಣ ಬರೆದ, ಅವನ ಮರಣಾನಂತರ ಮಗ ಮುಗಿಸಿದ ಗದ್ಯಕಾವ್ಯದ ನಾಯಕಿಯ ಹೆಸರು ಅದು. ಒಬ್ಬ ಹುಡುಗಿಯ ಹೆಸರು ಒಂದು ಇಡೀ ಸಾಹಿತ್ಯ ಪ್ರಕಾರದ ಹೆಸರಾದದ್ದು ಕನ್ನಡದಲ್ಲಿ ಮತ್ತು ಮರಾಠಿಯಲ್ಲಿ. ಹಿಂದಿ ಮತ್ತು ಬಂಗಾಳಿಯವರು ಅದೇ ಪ್ರಕಾರವನ್ನು 'ಉಪನ್ಯಾಸ' ಎನ್ನುತ್ತಾರೆ. ನಮ್ಮಲ್ಲಿ ಉಪನ್ಯಾಸವೆಂದರೆ ಭಾಷಣ. ನಾಗವರ್ಮ ಅದೇ ಕಥೆಯನ್ನು ಕನ್ನಡದಲ್ಲಿ ಚಂಪುವಾಗಿ ತಂದಿದ್ದ ಎಂಬುದನ್ನು ಕಾಲೇಜಿನಲ್ಲಿ ಓದಿದ್ದೆ, ಆದರೆ ಎರಡನ್ನೂ ಜೋಡಿಸಿ ಯೋಚಿಸಿರಲಿಲ್ಲ. ಆ ಸಂಜೆ ನಿಘಂಟು ತೆರೆದಾಗ 'ಕಾದಂಬರಿ'ಗೆ ಕದಂಬದ ಹೂವಿನಿಂದ ಇಳಿಸಿದ ಮದ್ಯ ಎಂಬ ಅರ್ಥವೂ ಕಂಡಿತು. ಕದಂಬ ಎಂದ ಕೂಡಲೇ ಬನವಾಸಿ ನೆನಪಾಯಿತು. ಆ ಅರಸರಿಗೆ ಮರದ ಹೆಸರು ಹೇಗೆ ಬಂತು ಎಂಬುದಕ್ಕೆ ತಾಳಗುಂದದ ಶಾಸನ ಉತ್ತರ ಕೊಡುತ್ತದೆ: ಅವರ ಮನೆಯ ಬಳಿ ಒಂದು ಕದಂಬ ವೃಕ್ಷ ಬೆಳೆದಿತ್ತು, ಅದನ್ನು ಜೋಪಾನ ಮಾಡಿದ ಕುಟುಂಬಕ್ಕೆ ಆ ಹೆಸರೇ ನಿಂತಿತು.

ತಾಳಗುಂದ ನನ್ನ ತವರಿಗೆ ಹತ್ತಿರ. ಮುಂದಿನ ಬಾರಿ ಊರಿಗೆ ಹೋದಾಗ ಅಮ್ಮನನ್ನು ಕರೆದುಕೊಂಡು ಹೋದೆ. ಪ್ರಣವೇಶ್ವರ ದೇವಾಲಯದ ಮುಂದೆ ಆ ಕಲ್ಲುಕಂಬ ನಿಂತಿದೆ. ಅಕ್ಷರಗಳು ಕಂಬದ ಮೈಮೇಲೆ ನೆಟ್ಟಗೆ ಸಾಲುಗಟ್ಟಿವೆ. ಕುಬ್ಜ ಎಂಬ ಕವಿ ರಚಿಸಿದ ಸಂಸ್ಕೃತ ಪದ್ಯಗಳವು. ನನಗೆ ಒಂದು ಅಕ್ಷರವನ್ನೂ ಓದಲು ಬರಲಿಲ್ಲ, ಆದರೂ ಕಾಂಚಿಯಲ್ಲಿ ಅಪಮಾನಗೊಂಡು ಹಿಂದಿರುಗಿ ರಾಜ್ಯ ಕಟ್ಟಿದ ಮಯೂರಶರ್ಮನ ಕಥೆ ಈ ಕಲ್ಲಿನಲ್ಲಿಯೇ ಇದೆ ಎಂದು ತಿಳಿದು ನಿಂತ ಆ ಕಾಲು ಗಂಟೆಯನ್ನು ನಾನು ಮರೆಯಲಾರೆ. ಅಮ್ಮ ಕಂಬಕ್ಕೆ ಕೈಮುಗಿದು, "ಮನೆ ಹತ್ತಿರಾನೇ ಇದ್ದು ಐವತ್ತು ವರ್ಷ ಬಂದಿರಲಿಲ್ಲ ನೋಡು" ಎಂದರು. ಆಮೇಲೆ ಕದಂಬ ಎಂಬ ಹೆಸರು ಎಲ್ಲೆಲ್ಲೂ ಕಾಣತೊಡಗಿತು: ಗೋವೆಯ ಸರ್ಕಾರಿ ಬಸ್ಸುಗಳ ಮೇಲೆ, ಕಾರವಾರದ ನೌಕಾನೆಲೆಯ ಫಲಕದ ಮೇಲೆ. ನಾಲ್ಕು ಮನೆಗಳ ಒಂದು ಉತ್ತರ ಇಷ್ಟು ದೂರ ನಡೆಸಿಕೊಂಡು ಹೋಗುತ್ತದೆಂದರೆ, ಅದಕ್ಕೆ ನಾನು ಕೊಟ್ಟಿದ್ದು ಅಂದಿನ ಪತ್ರಿಕೆಯ ಬೆಲೆ ಮಾತ್ರ.

ಇಂತಹ ಪದಗಳಿಗಾಗಿಯೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಈಗ ನಡೆಯುತ್ತಿರುವುದು ಮೂರನೆಯದು. ಅದರಲ್ಲಿ 'ಖಾನೇಷುಮಾರಿ' ಇದೆ, ಜನಗಣತಿಯ ಹಳೆಯ ಹೆಸರು. ಪಾರಸಿಯಲ್ಲಿ 'ಖಾನೆ' ಎಂದರೆ ಮನೆ, 'ಶುಮಾರಿ' ಎಂದರೆ ಎಣಿಕೆ. ಮೇಷ್ಟರಾಗಿದ್ದ ನಮ್ಮ ತಾತ ಇದೇ ಕೆಲಸಕ್ಕೆ ಹಳ್ಳಿಹಳ್ಳಿ ತಿರುಗಿದ್ದರೆಂದು ಅಮ್ಮ ಹೇಳಿದ್ದು ಈ ಪದ ಬಂದ ದಿನವೇ. 'ಅಲಮಾರು', 'ಚಾವಿ', 'ಅನಾನಸು' ಒಂದೇ ಪುಟದಲ್ಲಿವೆ, ಮೂರೂ ಪೋರ್ಚುಗೀಸರ ಹಡಗಿನಲ್ಲಿ ಬಂದವು. ಅನಾನಸಂತೂ ಅವರಿಗೂ ದಕ್ಷಿಣ ಅಮೆರಿಕದ ಮೂಲನಿವಾಸಿಗಳ ಬಾಯಿಂದ ಸಿಕ್ಕ ಪದ. ಈ ಹುಡುಕಾಟಕ್ಕೆ ಆಸರೆ ಎರಡು ನಿಘಂಟುಗಳು: 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಿಸಿದ ಕಿಟೆಲ್ ಕೋಶ, ಮತ್ತು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳು. ಪರಿಷತ್ತಿನ ನಿಘಂಟಿಗೆ ದುಡಿದ ಜಿ. ವೆಂಕಟಸುಬ್ಬಯ್ಯನವರು ಹುಟ್ಟಿದ್ದು 1913ರಲ್ಲಿ, ಅಂದರೆ ಮೊದಲ ಪದಬಂಧ ಅಚ್ಚಾದ ವರ್ಷವೇ. ಈ ಕಾಕತಾಳೀಯವನ್ನು ಕಂಡುಕೊಂಡ ದಿನ ನನಗಾದ ಸಂತೋಷವನ್ನು ಪದಬಂಧ ಬಿಡಿಸುವವರು ಮಾತ್ರ ಬಲ್ಲರು.

2022ರಲ್ಲಿ ಎಲ್ಲರಂತೆ ನಾನೂ ವರ್ಡಲ್ ಆಡಿದೆ, ಈಗಲೂ ಆಡುತ್ತೇನೆ. ಜೋಶ್ ವಾರ್ಡಲ್ ಎಂಬವರು ತಮ್ಮ ಸಂಗಾತಿಗಾಗಿ ಮಾಡಿ, ಆಮೇಲೆ ಎಲ್ಲರಿಗೂ ತೆರೆದಿಟ್ಟ, ದಿನಕ್ಕೊಂದೇ ಐದಕ್ಷರದ ಪದವನ್ನು ಆರು ಯತ್ನಗಳಲ್ಲಿ ಹಿಡಿಯುವ ಆ ಆಟದ ಅಚ್ಚುಕಟ್ಟುತನ ನನಗೆ ಇಷ್ಟ. ಆದರೆ ಅದು ಪದದ ಕಾಗುಣಿತವನ್ನು ಕೇಳುತ್ತದೆ, ಅರ್ಥವನ್ನು ಕೇಳುವುದಿಲ್ಲ. ಹಾಗಾಗಿ ಮುಗಿಸಿದ ಮೇಲೆ ನೋಟ್‌ಬುಕ್ ತೆಗೆಯುವ ಪ್ರಸಂಗ ನನಗೆ ಅಪರೂಪ.

ಇನ್ನು ದೋಷಗಳು. ನಾನು ಹಿಡಿದಿಟ್ಟ ಒಂದು ಅಂಕದ ಮುಖ್ಯ ಕಾರಣ ಅಕ್ಷರಗಳ ಲೆಕ್ಕದಲ್ಲಿನ ಅಸಡ್ಡೆ. ಒಂದು ಕಡೆ 'ದ', ಹಾಯುವ ಪದದಲ್ಲಿ 'ದಂ' ಇದ್ದರೂ ಒಂದೇ ಮನೆಯಲ್ಲಿ ಕೂರಿಸಿಬಿಡುವುದು, ಅಲ್ಪಪ್ರಾಣ ಮಹಾಪ್ರಾಣಗಳನ್ನು ಅನುಕೂಲ ಬಂದಂತೆ ಬದಲಿಸುವುದು ತಿಂಗಳಿಗೆ ಎರಡು ಮೂರು ಬಾರಿಯಾದರೂ ಕಾಣುತ್ತದೆ. ಹಾಯುವ ಅಕ್ಷರ ಖಚಿತವಾಗಿರುವುದೇ ಕನ್ನಡ ಪದಬಂಧದ ಸೊಗಸಾಗಿರುವಾಗ, ಅದನ್ನು ಸಡಿಲಿಸಿದರೆ ಬಿಡಿಸುವವರ ನಂಬಿಕೆಗೇ ಪೆಟ್ಟು. ಇಂಗ್ಲಿಷಿನಿಂದ ಬಂದ ಪದಗಳಲ್ಲಿ ಗೊಂದಲ ಇನ್ನೂ ಹೆಚ್ಚು: 'ಬಸ್' ಎಂದು 'ಸ್'ಗೆ ಒಂದು ಮನೆ ಕೊಡಬೇಕೇ, 'ಬಸ್ಸು' ಎಂದು ಬರೆಯಬೇಕೇ ಎಂಬುದು ಒಂದೊಂದು ದಿನ ಒಂದೊಂದು ರೀತಿ. ಯಾವುದಾದರೂ ಒಂದು ನಿಯಮ ಇರಲಿ, ಅದು ವರ್ಷವಿಡೀ ಇರಲಿ. ಎರಡನೆಯದು, ಮರುದಿನ ಬರುವ ಉತ್ತರಗಳ ಜೊತೆಗೆ ಒಂದು ಸಾಲಿನ ಟಿಪ್ಪಣಿಯೂ ಇರುವುದಿಲ್ಲ. ಪ್ರತಿ ಪದಕ್ಕೂ ಬೇಡ, ದಿನಕ್ಕೊಂದು ಪದದ ಹಿನ್ನೆಲೆಯನ್ನು ಎರಡು ಸಾಲಿನಲ್ಲಿ ಕೊಟ್ಟರೆ ಶಾಲೆಯ ಮಕ್ಕಳಿಗೆ ಎಷ್ಟು ಉಪಕಾರವಾದೀತು ಎಂದು ಪತ್ರಿಕೆಗೆ ಎರಡು ಬಾರಿ ಪತ್ರ ಬರೆದಿದ್ದೇನೆ. ಉತ್ತರ ಬಂದಿಲ್ಲ. ಮತ್ತೊಮ್ಮೆ ಬರೆಯುತ್ತೇನೆ.

ಮೊಬೈಲಿನಲ್ಲಿ ಕನ್ನಡ ಪದಬಂಧ ಬಿಡಿಸುವ ಒಂದು ಆ್ಯಪ್ ಅನ್ನು ಆರು ತಿಂಗಳು ಬಳಸಿ ಬಿಟ್ಟೆ. 'ಕ್ಷ' ಎಂದು ಬರೆದರೆ ಅದು 'ಕ್' ಅನ್ನು ಒಂದು ಮನೆಗೂ 'ಷ'ವನ್ನು ಇನ್ನೊಂದಕ್ಕೂ ತಳ್ಳುತ್ತಿತ್ತು. ಕಂಪ್ಯೂಟರಿನ ಯೂನಿಕೋಡ್ ಲೆಕ್ಕದಲ್ಲಿ 'ಕ್ಷ' ಎಂಬುದು ಕ, ಅದರ ಸ್ವರವನ್ನು ಕಳಚುವ 'ವಿರಾಮ' ಎಂಬ ಚಿಹ್ನೆ, ಷ ಎಂಬ ಮೂರು ಸಂಕೇತಗಳ ಜೋಡಣೆ; ಅದನ್ನು ಒಂದು ಅಕ್ಷರವೆಂದು ಎಣಿಸಲು ಬೇರೆಯೇ ತರ್ಕ ಬರೆಯಬೇಕು. ಅಷ್ಟು ಶ್ರಮ ವಹಿಸಿದ ಆ್ಯಪ್ ಸಿಗುವವರೆಗೆ ಕಾಗದ ಮತ್ತು ಪೆನ್ಸಿಲ್ಲೇ ಮೇಲು ಎಂಬುದು ನನ್ನ ಅನುಭವ. ಪೆನ್ನು ಬೇಡ, ಪತ್ರಿಕೆಯ ತೆಳು ಕಾಗದದಲ್ಲಿ ಶಾಯಿ ಹರಡಿ ಒತ್ತಕ್ಷರ ಕಾಣದಂತಾಗುತ್ತದೆ.

ಹೊಸದಾಗಿ ಶುರುಮಾಡುವವರಿಗೆ ಇಷ್ಟು ಹೇಳುತ್ತೇನೆ: ಸಿಗದ ಉತ್ತರಕ್ಕೆ ಕೂಡಲೇ ಮೊಬೈಲ್ ತೆಗೆಯಬೇಡಿ, ಮನೆಯ ಹಿರಿಯರನ್ನು ಕೇಳಿ. 'ಕೊಳಗ', 'ಬಳ್ಳ', 'ಸೇರು', 'ಪಾವು' ಎಂಬ ಅಳತೆಗಳನ್ನು ನಾನು ಕಲಿತದ್ದು ಹಾಗೆ. ಬೆರಳು ಮಡಿಸುತ್ತಾ ಅವರು ಒಂದರಿಂದ ಇನ್ನೊಂದಕ್ಕೆ ಹೋಗುವ ಬಗೆ ಯಾವ ನಿಘಂಟಿನಲ್ಲೂ ಇಲ್ಲ. ಇಂದಿನ ಪದಬಂಧದಲ್ಲಿ ಮೇಲಿನಿಂದ ಕೆಳಕ್ಕೆ ಹನ್ನೊಂದನೆಯದು ನನಗೆ ಇನ್ನೂ ಸಿಕ್ಕಿಲ್ಲ. 'ಒಕ್ಕಲಾದ ಮೇಲೆ ಕಣದಲ್ಲಿ ಉಳಿಯುವುದು', ಮೂರು ಮನೆ, ನಡುವೆ 'ಟ್ಟಿ' ಬಂದಿದೆ. ಅಮ್ಮನಿಗೆ ಸಿಕ್ಕಿದೆಯಂತೆ, ನಾಳೆಯವರೆಗೆ ಹೇಳುವುದಿಲ್ಲವಂತೆ.