ಲಯನೆಲ್ 671, ಅಮೆರಿಕನ್ ಫ್ಲೈಯರ್ 312: ಎರಡನ್ನೂ ಬಿಚ್ಚಿ ಜೋಡಿಸಿದ ಮೇಲೆ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಯಾರ್ಕ್ ಪಟ್ಟಣದಲ್ಲಿ ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಸೇರುವ ಆಟಿಕೆ ರೈಲುಗಳ ಸಂತೆಯಲ್ಲಿ ನಾನು ಒಂದೇ ದಿನ ಎರಡು ಹಳೆಯ ಎಂಜಿನ್‌ಗಳನ್ನು ಕೊಂಡೆ. ಒಂದು ಲಯನೆಲ್ ಕಂಪನಿಯ 671, ಇನ್ನೊಂದು ಎ.ಸಿ. ಗಿಲ್ಬರ್ಟ್ ಕಂಪನಿಯ ಅಮೆರಿಕನ್ ಫ್ಲೈಯರ್ 312. ಎರಡಕ್ಕೂ ಪೆನ್ಸಿಲ್ವೇನಿಯಾ ರೈಲ್‌ರೋಡ್ ಎಂಬ ರೈಲು ಕಂಪನಿಯ ಉಗಿಬಂಡಿಗಳೇ ಮಾದರಿ. ಮೊದಲನೆಯದರ ಮೂಲವಾದ ಎಸ್2 ಟರ್ಬೈನ್ ಎಂಜಿನ್ 1944ರಲ್ಲಿ ಒಂದೇ ಒಂದು ತಯಾರಾಗಿತ್ತು, ಎರಡನೆಯದರ ಮೂಲವಾದ ಕೆ5 1929ರಲ್ಲಿ ಎರಡೇ ಎರಡು. ಆಟಿಕೆಗಳು ಮಾತ್ರ ಮನೆಮನೆಗೂ ಹೋದವು.

ಎರಡೂ ಓಡುತ್ತವೆಂದು ಮಾರಿದವರು ಹೇಳಿದ್ದರು. ಹಳಿಯ ಮೇಲಿಟ್ಟಾಗ ಒಂದೂ ಅಲುಗಲಿಲ್ಲ.

ಲಯನೆಲ್ ಒಂದೇ ಸಂಜೆಯಲ್ಲಿ ದಾರಿಗೆ ಬಂತು. ಮೇಣದಂತೆ ಗಟ್ಟಿಯಾಗಿದ್ದ ಹಳೆಯ ಗ್ರೀಸನ್ನು ತೆಗೆದು, ಮೋಟರಿನ ತಿರುಗುವ ಭಾಗಕ್ಕೆ ವಿದ್ಯುತ್ತು ಮುಟ್ಟಿಸುವ ಕಮ್ಯುಟೇಟರನ್ನು ಸ್ಪಿರಿಟ್‌ನಿಂದ ಒರೆಸಿ, ಸವೆದ ಕಾರ್ಬನ್ ಬ್ರಷ್‌ಗಳನ್ನು ಬದಲಿಸಿದ್ದಷ್ಟೇ ಕೆಲಸ. ವಿದ್ಯುತ್ತನ್ನು ಒಮ್ಮೆ ಕಡಿದು ಮತ್ತೆ ಕೊಟ್ಟಾಗ ದಿಕ್ಕು ಬದಲಿಸುವ ಭಾಗವು ಎಂಜಿನ್ನಿನ ಒಳಗೇ ಇದ್ದು, ಅದರ ರಚನೆ ಒರಟಾದರೂ ಗಟ್ಟಿಯಾಗಿದೆ. 1946ರ ಮೊದಲ ತಯಾರಿಕೆಯವುಗಳಲ್ಲಿ ಹೊಗೆ ಬರಿಸಲು ಬಲ್ಬಿನ ಶಾಖವನ್ನು ಬಳಸಿದ್ದಾರೆ. ಮುಂದಿನ ವರ್ಷದಿಂದ ಆ ಜಾಗಕ್ಕೆ ಹೀಟರ್ ಬಂತು. ಓಡಿಸಲೆಂದು ಕೊಳ್ಳುವವರು ಹೀಟರ್ ಇರುವುದನ್ನೇ ಆರಿಸಿಕೊಳ್ಳಬೇಕು.

ಫ್ಲೈಯರ್ ನನ್ನ ಮೂರು ಭಾನುವಾರಗಳನ್ನು ನುಂಗಿತು. ಇದರಲ್ಲಿ ವಿದ್ಯುತ್ತು ಟೆಂಡರಿನ, ಅಂದರೆ ಎಂಜಿನ್ನಿನ ಹಿಂದೆ ಕಲ್ಲಿದ್ದಲು-ನೀರು ಹೊರುವ ಬಂಡಿಯ, ಗಾಲಿಗಳಿಂದ ಬರುತ್ತದೆ, ದಿಕ್ಕು ಬದಲಿಸುವ ಭಾಗವೂ ನನ್ನ ಪ್ರತಿಯಲ್ಲಿ ಟೆಂಡರಿನಲ್ಲೇ ಇದೆ. ಆದ್ದರಿಂದ ಎಂಜಿನ್ನಿಗೂ ಟೆಂಡರಿಗೂ ನಡುವೆ ಹಾದುಹೋಗುವ ನಾಲ್ಕು ಸಣ್ಣ ತಂತಿಗಳೇ ಇದರ ಪ್ರಾಣ. ಅವುಗಳ ರಬ್ಬರ್ ಹೊದಿಕೆ ಮುಟ್ಟಿದರೆ ಉದುರುವಂತಾಗಿತ್ತು. ನಾಲ್ಕನ್ನೂ ಬದಲಿಸಿ ಬೆಸುಗೆ ಹಾಕುವಷ್ಟರಲ್ಲಿ ದಿಕ್ಕು ಬದಲಿಸುವ ಭಾಗದ ತೆಳುವಾದ ತಾಮ್ರದ ಎಸಳೊಂದು ನನ್ನ ಅವಸರಕ್ಕೇ ಮುರಿದು, ಬಿಡಿಭಾಗ ತರಿಸಬೇಕಾಯಿತು.

ಇಷ್ಟಾದರೂ ಓಡುವಾಗ ನನ್ನ ಕಣ್ಣು ಹೋಗುವುದು ಫ್ಲೈಯರ್ ಕಡೆಗೇ. ನಡುವೆ ಸುಮಾರು 22.5 ಮಿಲಿಮೀಟರ್ ಅಂತರವಿರುವ ಅದರ ಎರಡು ಹಳಿಗಳ ಮೇಲೆ ಬಂಡಿ ನಿಜವಾದ ರೈಲಿನಂತೆ ಕಾಣುತ್ತದೆ. ಲಯನೆಲ್‌ನ ಸುಮಾರು 32 ಮಿಲಿಮೀಟರ್ ಹಳಿಯ ನಡುವಿನ ಮೂರನೆಯ ಕಂಬಿ ಆಟಿಕೆಯೆಂಬುದನ್ನು ಮರೆಯಗೊಡುವುದಿಲ್ಲ. ಆದರೆ ಆ ಕಂಬಿಯ ದೆಸೆಯಿಂದಲೇ ಲಯನೆಲ್ ಹಳಿಯನ್ನು ಸುತ್ತು ಹಾಕಿಸಿ ತಂದು ಅದೇ ದಾರಿಗೆ ಕೂಡಿಸಬಹುದು; ಎರಡು ಹಳಿಯಲ್ಲಿ ಹಾಗೆ ಮಾಡಿದರೆ ಶಾರ್ಟ್ ಆಗುತ್ತದೆ, ಪ್ರತ್ಯೇಕ ವೈರಿಂಗ್ ಬೇಕಾಗುತ್ತದೆ.

ಹೊಸದಾಗಿ ದುರಸ್ತಿಗೆ ಕೈಹಾಕುವವರಿಗೆ ನಾನು ಲಯನೆಲ್ಲನ್ನೇ ಹೇಳುತ್ತೇನೆ. ಇವುಗಳನ್ನು ಭಾರತಕ್ಕೆ ಒಯ್ಯುವವರು ಅಮೆರಿಕದ ಹಳೆಯ ಟ್ರಾನ್ಸ್‌ಫಾರ್ಮರನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಜೋಡಿಸಬಾರದು. ಬಣ್ಣ ಚಕ್ಕೆಯೆದ್ದಿದ್ದರೂ ಎರಡಕ್ಕೂ ನಾನು ಹೊಸ ಬಣ್ಣ ಬಳಿದಿಲ್ಲ. ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ, ಕ್ಯಾಬಿನ ಮೇಲಿನ ಅಂಕಿಗಳನ್ನು ಮುಟ್ಟದೆ, ಒರೆಸಿಟ್ಟಿದ್ದೇನೆ.