ಡಿಸ್ಕ್ ಹೋಗಿದೆ ಅಂದರೆ ತಕ್ಷಣ ನಂಬಬೇಡಿ, ಮೊದಲು ಪವರ್ ಸ್ಪ್ಲಿಟರ್ ನೋಡಿ

ಮನೆಯಲ್ಲಿ ನಾಲ್ಕೈದು ಹಾರ್ಡ್ ಡಿಸ್ಕ್ ಹಾಕಿ ಸ್ಟೋರೇಜ್ ಸರ್ವರ್ ಇಟ್ಟುಕೊಂಡಿದ್ದೀರಾ? ಅದೂ ಅಂಗಡಿಯಲ್ಲಿ ಅಸೆಂಬಲ್ ಮಾಡಿಸಿದ್ದಾ? ಹಾಗಿದ್ದರೆ ಈ ವಾರವೇ ಅದನ್ನು ಆಫ್ ಮಾಡಿ, ಪ್ಲಗ್ ಕಿತ್ತು, ಕ್ಯಾಬಿನೆಟ್ ತೆರೆದು ನೋಡಿ. ಎಸ್‌ಎಂಪಿಎಸ್‌ನಿಂದ (ಒಳಗಿನ ಭಾಗಗಳಿಗೆಲ್ಲ ಪವರ್ ಕೊಡುವ ಡಬ್ಬಿ) ಬಂದ ಒಂದೇ ಕನೆಕ್ಟರಿಗೆ ಸ್ಪ್ಲಿಟರ್ ಸಿಕ್ಕಿಸಿ ಮೂರು ನಾಲ್ಕು ಡಿಸ್ಕಿಗೆ ಪವರ್ ಹಂಚಿದ್ದರೆ ಮುಂದೆ ಓದಿ. ಇಲ್ಲದಿದ್ದರೆ ನೀವು ಪುಣ್ಯವಂತರು.

ನನಗೆ ಈ ಪಾಠ ಕಲಿಸಿದ ಸರ್ವರ್ ನನ್ನ ತಮ್ಮನದು. ತುಮಕೂರಿನಲ್ಲಿದ್ದಾನೆ, ಮದುವೆ ಫೋಟೊ ವಿಡಿಯೊ ಅವನ ಕೆಲಸ. ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಅಂಗಡಿಯವರು ಜೋಡಿಸಿಕೊಟ್ಟಿದ್ದರು. ತಲಾ 4 ಟಿಬಿಯ ಐದು ಡಿಸ್ಕ್, ಹಲವು ಡಿಸ್ಕ್ ಸೇರಿಸಿ ಒಂದೇ ಸಂಗ್ರಹ (ಪೂಲ್) ಮಾಡುವ ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮಿನಲ್ಲಿ ರೈಡ್‌ಝಡ್1 ಎಂಬ ಜೋಡಣೆ. ಅಂದರೆ ಐದರಲ್ಲಿ ಒಂದು ಡಿಸ್ಕ್ ಹೋದರೂ ಡೇಟಾ ಉಳಿಯುತ್ತದೆ. ಎರಡನೆಯದೂ ಹೋದರೆ ಎಲ್ಲ ಹೋಯಿತು.

ಒಂದು ವರ್ಷ ಸುಮ್ನೆ ನಡೆಯಿತು. ಆಮೇಲೆ ಆಗಾಗ ಒಂದು ಡಿಸ್ಕ್ ಕಾಣೆಯಾಗತೊಡಗಿತು. ರೀಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲ ಎಂಬಂತೆ ವಾಪಸ್ ಬರುತ್ತಿತ್ತು. ಕೆಲವು ವಾರ ತಣ್ಣಗಿದ್ದು ಮತ್ತೆ ಅದೇ ಕಥೆ. ಹೆಚ್ಚಾಗಿ ಬೆಳಗಿನ ಹೊತ್ತು, ರಾತ್ರಿಯೆಲ್ಲ ಮಲಗಿದ್ದ ಡಿಸ್ಕ್‌ಗಳು ಒಟ್ಟಿಗೆ ಏಳುವಾಗ. ಏಪ್ರಿಲ್ ಬಿಸಿಲು ಬಂದ ಮೇಲೆ ಜಾಸ್ತಿಯಾಯಿತು.

ಅಂಗಡಿಯವರಿಗೆ ಫೋನ್ ಮಾಡಿದರೆ ಮೊದಲು ಕರೆಂಟಿನ ಮೇಲೆ ಹಾಕಿದರು, ಯುಪಿಎಸ್ ತಗೊಳ್ಳಿ ಸರ್ ಅಂದರು. ಯುಪಿಎಸ್ ಆಗಲೇ ಇತ್ತು. ಆಮೇಲೆ ಸರ್ವರ್ ತರಿಸಿಕೊಂಡು, ಹತ್ತು ನಿಮಿಷ ನೋಡಿ, ‘ಡಿಸ್ಕ್ ಹೋಗಿದೆ, ಬದಲಾಯಿಸಬೇಕು’ ಅಂದರು. ಹೊಸ ಡಿಸ್ಕ್ ಬಿಲ್ ಆಯಿತು. ರೀಬಿಲ್ಡ್, ಅಂದರೆ ಉಳಿದ ಡಿಸ್ಕ್‌ಗಳ ನೆರವಿನಿಂದ ಹೊಸದಕ್ಕೆ ಡೇಟಾ ತುಂಬುವ ಕೆಲಸ, ಶುರುವಾಯಿತು. ಅದು ಅರ್ಧ ದಾರಿಯಲ್ಲಿರುವಾಗ ಇನ್ನೊಂದು ಡಿಸ್ಕ್ ಕಾಣೆಯಾಯಿತು. ಪೂಲ್ ಪೂರ್ತಿ ನಿಂತುಹೋಯಿತು.

ಆ ಹಳೆಯ ಡಿಸ್ಕನ್ನು ನಾನು ಬೇರೆ ಕಂಪ್ಯೂಟರಿಗೆ ಹಾಕಿ ಪೂರ್ತಿ ಪರೀಕ್ಷೆ ಓಡಿಸಿದೆ. ಒಂದೂ ಕೆಟ್ಟ ಸೆಕ್ಟರ್ (ಡೇಟಾ ಬರೆಯುವ ಪುಟ್ಟ ತುಂಡು ಜಾಗ) ಇರಲಿಲ್ಲ.

ಅಂಗಡಿಯವರು ಆ ಹತ್ತು ನಿಮಿಷದಲ್ಲಿ ಏನು ನೋಡಬೇಕಿತ್ತು ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ನಿಮ್ಮ ಸರ್ವರಿನಲ್ಲಿ ನೀವೇ ನೋಡಿಕೊಳ್ಳಬಹುದು, ಒಂದು ಪೈಸೆ ಖರ್ಚಿಲ್ಲ.

ಪ್ರತಿ ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಇದೇ ಸ್ಮಾರ್ಟ್ ವರದಿ. ಅದರಲ್ಲಿ 5, 197, 198 ಎಂಬ ಸಾಲುಗಳು ಡಿಸ್ಕಿನ ತಟ್ಟೆಯ ಕಥೆ ಹೇಳುತ್ತವೆ: ಬದಲಿ ಜಾಗಕ್ಕೆ ಹೋದ ಸೆಕ್ಟರ್, ಓದಲಾಗದೆ ಕಾಯುತ್ತಿರುವ ಸೆಕ್ಟರ್, ಓದಲು ಆಗದೇ ಹೋದ ಸೆಕ್ಟರ್. ಇವು ಏರುತ್ತಿದ್ದರೆ ಡಿಸ್ಕ್ ನಿಜಕ್ಕೂ ಹೋಗುತ್ತಿದೆ, ಬದಲಾಯಿಸಿ. 199ನೇ ಸಾಲು ಬೇರೆ. ಅದು ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವೆ ಸಾಗುವಾಗ ಕೆಟ್ಟ ಡೇಟಾದ ಲೆಕ್ಕ. ಅದು ಏರಿದರೆ ಸಾಮಾನ್ಯವಾಗಿ ತಪ್ಪು ಡೇಟಾ ಕೇಬಲಿನದು, ಇಲ್ಲವೇ ಕೇಬಲ್ ಕೂರುವ ಜಾಗದ್ದು. ಈ ಅಂಕಿ ಕೇಬಲ್ ಬದಲಾಯಿಸಿದ ಮೇಲೂ ಸೊನ್ನೆಗೆ ಇಳಿಯುವುದಿಲ್ಲ. ಹಾಗಾಗಿ ಇಂದು ಎಷ್ಟಿದೆ ಎಂದು ಬರೆದಿಟ್ಟುಕೊಂಡು, ಮುಂದೆ ಏರುತ್ತದಾ ಅಂತ ನೋಡಬೇಕು.

ನಮ್ಮ ಕಳ್ಳ ಸಿಕ್ಕಿದ್ದು ಇವೆರಡರಲ್ಲೂ ಅಲ್ಲ, 12 ಮತ್ತು 192ರಲ್ಲಿ. 12 ಅಂದರೆ ಡಿಸ್ಕ್ ಎಷ್ಟು ಸಲ ಆನ್ ಆಗಿದೆ ಎಂಬ ಲೆಕ್ಕ. 192 ಅಂದರೆ ಪವರ್ ಹಠಾತ್ತನೆ ಹೋಗಿ ಎಷ್ಟು ಸಲ ತಟ್ಟೆಯ ಮೇಲೆ ಓದಿ ಬರೆಯುವ ಹೆಡ್ಡನ್ನು ಗಡಿಬಿಡಿಯಲ್ಲಿ ಹಿಂದಕ್ಕೆ ಎಳೆದುಕೊಂಡಿದೆ ಎಂಬುದು. ಒಂದೇ ದಿನ ಹಾಕಿದ ಐದು ಡಿಸ್ಕ್, ಒಂದೇ ಸ್ವಿಚ್. ಈ ಅಂಕಿ ಐದಕ್ಕೂ ಹೆಚ್ಚು ಕಡಿಮೆ ಒಂದೇ ಇರಬೇಕು, ಅಲ್ವಾ? ಸ್ಪ್ಲಿಟರಿನಲ್ಲಿದ್ದ ನಾಲ್ಕು ಡಿಸ್ಕ್‌ಗಳಲ್ಲಿ ಅದು ಎಲ್ಲೋ ಹೋಗಿತ್ತು. ಎಸ್‌ಎಂಪಿಎಸ್‌ಗೆ ನೇರ ಸಿಕ್ಕಿಸಿದ್ದ ಐದನೆಯದರಲ್ಲಿ ಮಾತ್ರ ಸರಿಯಾಗಿತ್ತು. ಸರ್ವರ್ ಆಫ್ ಆಗದೆಯೇ ಡಿಸ್ಕ್‌ಗಳು ಆಫ್ ಆಗಿ ಆನ್ ಆಗುತ್ತಿದ್ದವು. ಇದನ್ನು ನೋಡಿದ ಮೇಲೆ ಡಿಸ್ಕ್ ಬದಲಾಯಿಸಿ ಅನ್ನುವವನು ಒಂದೋ ವರದಿ ಓದಿಲ್ಲ, ಇಲ್ಲವೇ ಡಿಸ್ಕ್ ಮಾರಬೇಕಾಗಿದೆ.

ಸ್ಪ್ಲಿಟರ್ ಎಳೆದು ತೆಗೆದಾಗ ಅದರ ಒಂದು ಕನೆಕ್ಟರ್ ಕಂದು ಬಣ್ಣಕ್ಕೆ ತಿರುಗಿತ್ತು. ಪಿನ್ನುಗಳ ಸುತ್ತ ಪ್ಲಾಸ್ಟಿಕ್ ಕರಗಿ ಸೊಟ್ಟಗಾಗಿತ್ತು. ಮನೆಯಲ್ಲಿ ರಾತ್ರಿಯಿಡೀ ಆನ್ ಇರುವ ಡಬ್ಬ ಇದು.

ಹೀಗೇಕೆ ಆಗುತ್ತದೆ ಅಂದರೆ, ಲೆಕ್ಕ ಸರಳ. ದೊಡ್ಡ 3.5 ಇಂಚಿನ ಡಿಸ್ಕ್ ಓಡುತ್ತಿರುವಾಗ ಹೆಚ್ಚು ಪವರ್ ಎಳೆಯುವುದಿಲ್ಲ. ಆದರೆ ನಿಂತ ತಟ್ಟೆಯನ್ನು ತಿರುಗಿಸಲು ಹೊರಡುವ ಆ ಕೆಲವು ಸೆಕೆಂಡು 12 ವೋಲ್ಟ್ ಲೈನಿನಲ್ಲಿ ಸುಮಾರು 2 ಆಂಪಿಯರ್ ಬೇಕು. ನಾಲ್ಕು ಡಿಸ್ಕ್ ಒಟ್ಟಿಗೆ ಎದ್ದರೆ 8. ಡಿಸ್ಕಿಗೆ ಸಿಕ್ಕಿಸುವ ಸಾಟಾ ಬಗೆಯ ಪವರ್ ಕನೆಕ್ಟರಿನಲ್ಲಿ 12 ವೋಲ್ಟಿಗೆ ಇರುವುದು ಮೂರು ಪಿನ್, ಒಂದೊಂದು ತಾಳುವುದು 1.5 ಆಂಪಿಯರ್. ಒಟ್ಟು 4.5. ಒಬ್ಬರು ಹೋಗುವ ಸ್ಕೂಟರಿನಲ್ಲಿ ಮದುವೆ ದಿಬ್ಬಣ ಹೊರಟಂತೆ. ಪಿನ್ ಬಿಸಿಯಾಗುತ್ತದೆ, ಬಿಸಿಯಾದಂತೆ ಅದರ ಹಿಡಿತ ಸಡಿಲವಾಗುತ್ತದೆ, ಸಡಿಲವಾದಂತೆ ಇನ್ನೂ ಬಿಸಿ. ಅದಕ್ಕೇ ಮೊದಲ ವರ್ಷ ಏನೂ ಗೊತ್ತಾಗುವುದಿಲ್ಲ.

ಕನೆಕ್ಟರಿನ ಬಗೆಯೂ ಮುಖ್ಯ. ವೈರುಗಳನ್ನು ಅಚ್ಚಿನಲ್ಲಿಟ್ಟು ಬಿಸಿ ಪ್ಲಾಸ್ಟಿಕ್ ಸುರಿದು ಮಾಡಿದ ಅಗ್ಗದ ಕನೆಕ್ಟರಿನಲ್ಲಿ ವೈರುಗಳು ಒಳಗೆ ಜರುಗಿ ಒಂದಕ್ಕೊಂದು ಹತ್ತಿರ ಬಂದಿರಬಹುದು. ಹೊರಗಿನಿಂದ ಕಾಣುವುದೇ ಇಲ್ಲ. ಇಂಥವು ಶಾರ್ಟ್ ಆಗಿ ಬೆಂಕಿ ಹತ್ತಿದ್ದೂ ಇದೆ. ನಾಲ್ಕು ಪಿನ್ನಿನ ಹಳೆಯ ಮೋಲೆಕ್ಸ್ ಕನೆಕ್ಟರಿನಿಂದ ಸಾಟಾಗೆ ಬದಲಿಸುವ ಅಡಾಪ್ಟರುಗಳಲ್ಲಿ ಈ ಬಗೆ ಜಾಸ್ತಿ. ಪ್ರತಿ ವೈರನ್ನೂ ಬೇರೆ ಬೇರೆ ಒತ್ತಿ ಕೂರಿಸಿ ಹಿಂದೆ ಮುಚ್ಚಳ ಹಾಕಿರುವ ಬಗೆ ಎಷ್ಟೋ ಮೇಲು. ಅದಕ್ಕಿಂತ ಮೇಲು, ಸ್ಪ್ಲಿಟರೇ ಇಲ್ಲದಿರುವುದು. ಎಸ್‌ಎಂಪಿಎಸ್ ಕೊಳ್ಳುವಾಗ ವ್ಯಾಟ್ ಮಾತ್ರ ಕೇಳಬೇಡಿ, ಸಾಟಾ ಪವರ್ ಕನೆಕ್ಟರ್ ಎಷ್ಟಿವೆ, ಅವು ಎಷ್ಟು ಬೇರೆ ಬೇರೆ ಕೇಬಲಿನಲ್ಲಿ ಬರುತ್ತವೆ ಅಂತ ಕೇಳಿ.

ಇದಕ್ಕಿಂತ ಭಯಂಕರವಾದದ್ದು ಆಮೇಲೆ ಆಗುವುದರಲ್ಲಿತ್ತು. ಕರಗಿದ ಕನೆಕ್ಟರ್ ತೋರಿಸಿದಾಗ ಅಂಗಡಿಯ ಹುಡುಗ ಡ್ರಾಯರಿನಿಂದ ಬೇರೆ ಯಾವುದೋ ಕಂಪನಿಯ ಎಸ್‌ಎಂಪಿಎಸ್‌ನ ಬಿಡಿ ಕೇಬಲ್ (ಎರಡೂ ತುದಿ ಕಳಚಿ ಹಾಕುವಂಥದ್ದು) ತೆಗೆದು ‘ಇದು ಹಾಕಿ ಸರ್, ಕೂರುತ್ತೆ’ ಅಂದ. ಕೂರುತ್ತದೆ ನಿಜ. ಆದರೆ ಬಿಡಿ ಕೇಬಲಿನ ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಕ್ರಮ ಎಲ್ಲ ಕಂಪನಿಗೂ ಒಂದೇ ಅಲ್ಲ. ಒಂದೇ ಕಂಪನಿಯ ಎರಡು ಮಾಡೆಲಿಗೂ ಬೇರೆ ಇರಬಹುದು. 5 ವೋಲ್ಟ್ ಹೋಗಬೇಕಾದ ಕಡೆ 12 ವೋಲ್ಟ್ ಹೋದರೆ ಆ ಕೇಬಲಿನಲ್ಲಿರುವ ಡಿಸ್ಕ್‌ಗಳೆಲ್ಲ ಒಂದೇ ಕ್ಷಣದಲ್ಲಿ ಸುಟ್ಟುಹೋಗಬಹುದು. ಅಲ್ಲಿ ರೈಡ್‌ಝಡ್‌ನಂಥ ಯಾವ ಜೋಡಣೆಯೂ ಕಾಪಾಡುವುದಿಲ್ಲ. ಎಸ್‌ಎಂಪಿಎಸ್ ಜೊತೆ ಬಂದ ಕೇಬಲನ್ನು ಬಿಟ್ಟು ಬೇರೆಯದನ್ನು ಯಾರು ಕೊಟ್ಟರೂ ಹಾಕಬೇಡಿ.

ನಿಮ್ಮ ಡಿಸ್ಕ್ ಆಗಾಗ ಕಾಣೆಯಾಗುತ್ತಿದ್ದರೆ ಮೊದಲು ಡೇಟಾವನ್ನು ಬೇರೆ ಕಡೆ ಕಾಪಿ ಮಾಡಿ. ಆಮೇಲೆ ಆ ಡಿಸ್ಕನ್ನು ಬೇರೆ ಪೋರ್ಟಿಗೆ, ಬೇರೆ ಪವರ್ ಕನೆಕ್ಟರಿಗೆ ಹಾಕಿ ಕಾಯಿರಿ. ತೊಂದರೆ ಡಿಸ್ಕಿನ ಹಿಂದೆ ಹೋಯಿತೋ, ಹಳೆಯ ಜಾಗದಲ್ಲೇ ಉಳಿಯಿತೋ ನೋಡಿ. ಲಿನಕ್ಸ್ ಸಿಸ್ಟಮ್ ಬರೆದಿಡುವ ಲಾಗಿನಲ್ಲಿ ‘ಹಾರ್ಡ್ ರೀಸೆಟಿಂಗ್ ಲಿಂಕ್’ ಎಂಬ ಸಾಲು ಪದೇ ಪದೇ ಬರುತ್ತಿದ್ದು, ಸ್ಮಾರ್ಟ್‌ನ ಉದ್ದದ ಪರೀಕ್ಷೆ ಮಾತ್ರ ಪಾಸಾಗುತ್ತಿದ್ದರೆ ಅನುಮಾನ ಕೇಬಲ್ ಮತ್ತು ಪವರ್ ಮೇಲಿರಲಿ. ಆ ಪರೀಕ್ಷೆ ಡಿಸ್ಕಿನ ಒಳಗೇ ನಡೆಯುತ್ತದೆ, ಡೇಟಾ ಕೇಬಲನ್ನು ಅದು ಪರೀಕ್ಷಿಸುವುದೇ ಇಲ್ಲ. ಡಿಸ್ಕ್‌ಗಳ ಮೇಲೆ ಸೀರಿಯಲ್ ನಂಬರಿನ ಕೊನೆಯ ನಾಲ್ಕಕ್ಷರ ಬರೆದು ಅಂಟಿಸಿ. ಲಿನಕ್ಸ್ ಕೊಡುವ ಎಸ್‌ಡಿಎ, ಎಸ್‌ಡಿಬಿ ಹೆಸರುಗಳು ರೀಸ್ಟಾರ್ಟ್ ಆದಾಗ ಅದಲು ಬದಲಾಗಬಹುದು, ಅದನ್ನು ನಂಬಿದರೆ ಒಳ್ಳೆಯ ಡಿಸ್ಕನ್ನೇ ಕಿತ್ತುಬಿಡುತ್ತೀರಿ.

ಡಿಸ್ಕ್ ಚೆನ್ನಾಗಿದ್ದೂ ರೀಬಿಲ್ಡ್ ಹೊತ್ತಿಗೆ ಹೊರಬೀಳಲು ಇನ್ನೊಂದು ಕಾರಣ ಎಸ್‌ಎಂಆರ್. ಟ್ರ್ಯಾಕುಗಳನ್ನು ಒಂದರ ಮೇಲೊಂದು ಹೊದಿಸಿದಂತೆ ಬರೆಯುವ ಈ ಡಿಸ್ಕ್‌ಗಳು ಒಂದೇ ಸಮನೆ ಬರೆಯುವ ಕೆಲಸ ಬಂದರೆ ಬಳಲುತ್ತವೆ. ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಸಾಲಿನ 2ರಿಂದ 6 ಟಿಬಿವರೆಗಿನ ಕೆಲವು ಡಿಸ್ಕ್ ಎಸ್‌ಎಂಆರ್ ಎಂದು ಒಪ್ಪಿಕೊಂಡದ್ದು 2020ರಲ್ಲಿ. ನಮ್ಮ ಡಿಸ್ಕ್‌ಗಳು ಅಂಥವಲ್ಲ, ಆದರೂ ಹೊಸದು ಕೊಳ್ಳುವ ಮುನ್ನ ಮಾಡೆಲ್ ನಂಬರ್ ನೋಡಿಕೊಳ್ಳಿ.

ಬದಲಾಯಿಸಲೇಬೇಕಾದರೆ, ಖಾಲಿ ಪೋರ್ಟ್ ಇದ್ದಲ್ಲಿ ಹಳೆಯ ಡಿಸ್ಕನ್ನು ಕೀಳದೆ ಪಕ್ಕದಲ್ಲೇ ಹೊಸದನ್ನು ಸೇರಿಸಿ ಬದಲಿಸಿ. ಝಡ್‌ಎಫ್‌ಎಸ್ ಅದಕ್ಕೆ ಬಿಡುತ್ತದೆ, ಹಳೆಯದರಿಂದ ಓದಲು ಆಗುವಷ್ಟನ್ನು ಓದಿಕೊಳ್ಳುತ್ತದೆ. ಮತ್ತು ಹಳೆಯ ಡಿಸ್ಕನ್ನು ಎಕ್ಸ್‌ಚೇಂಜಿಗೆ ಕೊಟ್ಟು ಬರಬೇಡಿ. ರೀಬಿಲ್ಡ್ ಮುಗಿದು, ಒಂದು ಸ್ಕ್ರಬ್ (ಪೂಲಿನ ಡೇಟಾವನ್ನೆಲ್ಲ ಓದಿ ಸರಿಯಿದೆಯಾ ನೋಡುವುದು) ಪೂರ್ತಿ ಆಗುವವರೆಗಾದರೂ ಅದು ನಿಮ್ಮ ಬಳಿಯೇ ಇರಲಿ.

ನನ್ನ ತಮ್ಮನು ಎಸ್‌ಎಂಪಿಎಸ್ ಬದಲಾಯಿಸಿ, ಐದು ಡಿಸ್ಕನ್ನು ಎರಡು ಕೇಬಲಿಗೆ ಹಂಚಿದ ಮೇಲೆ ಪೂಲ್ ಎದ್ದಿತು, ರೀಬಿಲ್ಡ್ ಮುಗಿಯಿತು. ಕೊನೆಗೆ ಹಾಳಾದ ಫೈಲುಗಳ ಪಟ್ಟಿ ಬಂತು. ಅದರಲ್ಲಿ ಎರಡು ಮದುವೆಯ ವಿಡಿಯೊಗಳಿದ್ದವು. ಒಂದು ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಸಿಕ್ಕಿತು, ಇನ್ನೊಂದರ ಮುಹೂರ್ತದ ಭಾಗ ಹೋಯಿತು. ಆ ಮನೆಯವರಿಗೆ ಅವನು ಹಣ ವಾಪಸ್ ಕೊಟ್ಟ. ಅಂಗಡಿಯವರು ಹೊಸ ಡಿಸ್ಕಿನ ಹಣ ಕೊಡಲಿಲ್ಲ, ‘ನಾವು ಎಲ್ಲ ಸಿಸ್ಟಮಿಗೂ ಇದೇ ಸ್ಪ್ಲಿಟರ್ ಹಾಕೋದು ಸರ್’ ಅಂದರು. ಅಂಥ ಎಷ್ಟು ಡಬ್ಬಗಳು ಎಷ್ಟು ಮನೆಗಳಲ್ಲಿವೆಯೋ. ನಿಮ್ಮದನ್ನು ತೆರೆದಾಗ ಕನೆಕ್ಟರ್ ಕಂದಾಗಿ ಕಂಡರೆ ಮತ್ತೆ ಆನ್ ಮಾಡಬೇಡಿ, ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಅಂಗಡಿಯವರ ಜೊತೆ ಮಾತಾಡುವಾಗ ಬೇಕಾಗುತ್ತದೆ.