ಕಲಾ ಇತಿಹಾಸಕ್ಕೆ ಪಾರ್ಟ್ ಟೈಮ್ ಮೇಷ್ಟ್ರು ಅಂತ ಹಿಂದೆ ಸರಿಯಬೇಡಿ, ಆದರೆ ಇದನ್ನು ಓದಿ ಸೇರಿ

ವಿಶ್ವವಿದ್ಯಾಲಯದ ಹೆಸರು ಬರೆಯುವುದಿಲ್ಲ. ಬರೆದರೆ ಪೆಟ್ಟು ಬೀಳುವುದು ನನಗಲ್ಲ, ಮುಂದಿನ ಸೆಮಿಸ್ಟರಿಗೆ ಕರೆ ಬರುತ್ತೋ ಇಲ್ಲವೋ ಅಂತ ಕಾಯುತ್ತಾ ಕೂತಿರುವವರಿಗೆ.

ನಾನು ಕಾಮರ್ಸ್ ಓದಿದವಳು. ಬೇರೆ ವಿಭಾಗದ ಒಂದು ವಿಷಯ ತೆಗೆದುಕೊಳ್ಳಲೇಬೇಕು ಅಂತ ನಿಯಮ ಇತ್ತು, ನನ್ನ ಟೈಮ್‌ಟೇಬಲ್‌ಗೆ ಹೊಂದಿದ್ದು ಸಂಜೆಯ ಕಲಾ ಇತಿಹಾಸ ಒಂದೇ. ಪಟ್ಟಿಯಲ್ಲಿ ಮೇಡಂ ಹೆಸರಿನ ಪಕ್ಕ ‘ಅರೆಕಾಲಿಕ’ ಅಂತ ಬರೆದಿತ್ತು. "ಪಾರ್ಟ್ ಟೈಮಾ? ಆರಾಮಾಗಿ ಪಾಸ್ ಮಾಡ್ತಾರೆ ಬಿಡೇ" ಅಂದಳು ಸೀನಿಯರ್ ಒಬ್ಬಳು. ಆ ಆಸೆಗೇ ಸೇರಿದ್ದು, ಸುಳ್ಳು ಯಾಕೆ ಹೇಳಲಿ. ಆದರೆ ಒಂದು ಮುಗಿದ ಮೇಲೆ ಯಾರೂ ಹೇಳದೆ ಇನ್ನೆರಡು ತೆಗೆದುಕೊಂಡೆ. ಮೂರಕ್ಕೂ ಪಾಠ ಮಾಡಿದ್ದು ಬೇರೆ ಬೇರೆಯವರು, ಮೂವರೂ ಪಾರ್ಟ್ ಟೈಮ್.

ಮೊದಲನೆಯ ಮೇಡಂ ಹಗಲು ಹೊತ್ತು ಹಳೆಯ ಚಿತ್ರಗಳನ್ನು ಶುಚಿ ಮಾಡುವ, ದುರಸ್ತಿ ಮಾಡುವ ಕೆಲಸದಲ್ಲಿದ್ದರು. ಸಂಜೆ ನಮ್ಮ ಕ್ಲಾಸಿಗೆ ಬಂದಾಗ ಬೆರಳಲ್ಲಿ ಯಾವುದೋ ದ್ರಾವಣದ ವಾಸನೆ ಇರುತ್ತಿತ್ತು. ಮೊದಲ ದಿನ ಸಿಲಬಸ್ ಗಿಲಬಸ್ ಏನೂ ಹೇಳಲಿಲ್ಲ. ದೀಪ ಆರಿಸಿ ಯಾನ್ ವಾನ್ ಐಕ್ 1434ರಲ್ಲಿ ಬರೆದ ಆರ್ನಾಲ್ಫಿನಿ ದಂಪತಿಯ ಚಿತ್ರವನ್ನು ಪರದೆ ಮೇಲೆ ಬಿಟ್ಟರು. ಪೆನ್ನು ಕೆಳಗಿಡಿ, ನಲವತ್ತು ನಿಮಿಷ ಇದೊಂದೇ, ಏನು ಕಾಣುತ್ತೆ ಹೇಳಿ ಅಂದರು. ಗಂಡ, ಹೆಂಡತಿ, ನಾಯಿ, ಮಂಚ. ಐದು ನಿಮಿಷಕ್ಕೆ ನಮ್ಮ ಸರಕು ಖಾಲಿ. ಆಮೇಲೆ ಸುಮ್ನೆ ಕೂತು ನೋಡುತ್ತಾ ಇದ್ದರೆ ಹಿಂದಿನ ಗೋಡೆಯಲ್ಲಿ ಉಬ್ಬುಗನ್ನಡಿ ಕಂಡಿತು, ಕನ್ನಡಿಯೊಳಗೆ ಬಾಗಿಲಲ್ಲಿ ನಿಂತ ಇನ್ನಿಬ್ಬರು ಕಂಡರು, ಕನ್ನಡಿಯ ಚೌಕಟ್ಟಿನ ಸುತ್ತ ಯೇಸುವಿನ ಯಾತನೆಯ ಕಥೆಯ ಹತ್ತು ಪುಟಾಣಿ ದೃಶ್ಯಗಳು ಕಂಡವು, ಅದರ ಮೇಲೆ ಗೋಡೆಗೆ ಬರೆದ ಹಾಗೆ "ಯಾನ್ ವಾನ್ ಐಕ್ ಇಲ್ಲಿದ್ದ, 1434" ಅನ್ನುವ ಲ್ಯಾಟಿನ್ ಸಾಲೂ ಕಂಡಿತು.

ದೀಪ ಹಾಕಿದ ಮೇಲೆ ಮೇಡಂ ಚೀಲದಿಂದ ಸುರುಳಿ ಸುತ್ತಿದ ಒಂದು ಬಿಳಿ ಹಾಳೆ ತೆಗೆದು ಗೋಡೆಗೆ ಅಂಟಿಸಿದರು. 82 ಸೆಂಟಿಮೀಟರ್ ಉದ್ದ, 60 ಅಗಲ. "ಚಿತ್ರ ಇರೋದು ಇಷ್ಟೇ. ಇನ್ನು ಇದರೊಳಗೆ ಆ ಕನ್ನಡಿ ಎಷ್ಟಿರುತ್ತೆ, ಕನ್ನಡಿ ಸುತ್ತ ಇರೋ ಆ ಹತ್ತು ಚಿತ್ರ ಎಷ್ಟಿರುತ್ತೆ, ನೀವೇ ಲೆಕ್ಕ ಹಾಕಿ." ಪರದೆ ಮೇಲೆ ಆಳೆತ್ತರ ನೋಡಿದ್ದೆವಲ್ಲ, ಕ್ಲಾಸು ಒಂದು ಕ್ಷಣ ಸುಮ್ಮನಾಯಿತು.

ಇನ್ನೊಂದು ದಿನ ಅದೇ ಚಿತ್ರದ ನಾಯಿಗೆ ಬಂದರು. ನಾಯಿ ಅಂದರೆ ದಾಂಪತ್ಯದ ನಿಷ್ಠೆಯ ಗುರುತು ಅಂತ ಎಲ್ಲರೂ ಓದಿಕೊಂಡು ಬಂದಿದ್ದೆವು. ಇನ್‌ಫ್ರಾರೆಡ್‌ನಲ್ಲಿ ನೋಡಿದರೆ ಬಣ್ಣದ ಕೆಳಗಿರುವ ಮೊದಲ ಗೆರೆಗಳು ಕಾಣುತ್ತವೆ, ಆ ಗೆರೆಗಳಲ್ಲಿ ನಾಯಿಯೇ ಇಲ್ಲ ಅಂದರು. ನಾಯಿ ಬಂದಿದ್ದು ಆಮೇಲೆ, ನೇರ ಬಣ್ಣದಲ್ಲಿ. "ಈಗ ಹೇಳಿ, ಅಷ್ಟು ಮುಖ್ಯವಾದ ಗುರುತಾದರೆ ಮೊದಲೇ ಯಾಕೆ ಬರೀಲಿಲ್ಲ?" ಉತ್ತರ ಅವರೂ ಕೊಡಲಿಲ್ಲ. ಬಣ್ಣದ ಪದರದ ಜೊತೆ ದಿನವಿಡೀ ಕೆಲಸ ಮಾಡುವವರಿಗೆ ಇಂಥ ಪ್ರಶ್ನೆ ತಾನಾಗಿ ಬರುತ್ತೆ ಅಲ್ವಾ. ಪಾರ್ಟ್ ಟೈಮಿನವರಲ್ಲಿ ನನಗೆ ಸಿಕ್ಕ ದೊಡ್ಡ ಲಾಭ ಇದು.

ಎರಡನೆಯವರು ಸರ್, ಮೂರು ಕಡೆ ಪಾಠ ಮಾಡುತ್ತಿದ್ದರು. ಅವರದು ಜೋಡಿ ಚಿತ್ರದ ಪಾಠ. ಹೈನ್ರಿಕ್ ವೋಲ್ಫ್ಲಿನ್ ಅನ್ನುವ ಸ್ವಿಸ್ ವಿದ್ವಾಂಸರು ನೂರು ವರ್ಷಕ್ಕೂ ಹಿಂದೆ ಎರಡು ಪ್ರೊಜೆಕ್ಟರ್ ಪಕ್ಕಪಕ್ಕ ಇಟ್ಟು ಮಾಡುತ್ತಿದ್ದ ಕ್ರಮ ಅದು, ಈಗ ಒಂದೇ ಲ್ಯಾಪ್‌ಟಾಪಿನಲ್ಲಿ ಆಗುತ್ತೆ. ಎಡಕ್ಕೆ 1599ರ ಸುಮಾರಿಗೆ ಕಾರವಾಜ್ಜೊ ಬರೆದ ಜೂಡಿತ್, ಬಲಕ್ಕೆ 1620ರ ಸುಮಾರಿಗೆ ಆರ್ಟೆಮಿಸಿಯಾ ಜೆಂಟಿಲೆಸ್ಕಿ ಬರೆದ ಜೂಡಿತ್. ಬೈಬಲ್ ಕಥೆಯ ಈ ಜೂಡಿತ್ ಎರಡರಲ್ಲೂ ಹೊಲೊಫರ್ನೆಸ್ ಎಂಬ ಶತ್ರು ಸೇನಾಪತಿಯ ತಲೆ ಕಡಿಯುತ್ತಿದ್ದಾಳೆ. ಕಾರವಾಜ್ಜೊನ ಹುಡುಗಿ ಹುಬ್ಬು ಗಂಟಿಕ್ಕಿ, ಕೈ ಚಾಚಿ, ಮೈ ಹಿಂದಕ್ಕೆ ಎಳೆದುಕೊಂಡು ನಿಂತಿದ್ದಾಳೆ, ಪಕ್ಕದ ಮುದುಕಿ ಸುಮ್ಮನೆ ನೋಡುತ್ತಿದ್ದಾಳೆ. ಆರ್ಟೆಮಿಸಿಯಾಳ ಚಿತ್ರದಲ್ಲಿ ಹೆಂಗಸರು ಬಟ್ಟೆಯ ತೋಳು ಮೇಲಕ್ಕೆ ಸರಿಸಿಕೊಂಡಿದ್ದಾರೆ, ಸೇವಕಿಯೂ ಹರೆಯದವಳು, ಅವನನ್ನು ಅದುಮಿ ಹಿಡಿದಿದ್ದಾಳೆ. "ಯಾವುದರಲ್ಲಿ ಕೆಲಸ ಆಗುತ್ತೆ?" ಅಂತ ಅಷ್ಟೇ ಕೇಳಿದರು ಸರ್. ಅವತ್ತು ಗಲಾಟೆಯೋ ಗಲಾಟೆ.

ಆದರೆ ಈ ಸರ್ ಹತ್ತಿರ ಟೈಮೇ ಇರಲಿಲ್ಲ. ಮಾತು ಓಡುತ್ತಿತ್ತು, ಕಣ್ಣು ಗಡಿಯಾರದ ಮೇಲೆ, ಮುಂದಿನ ಕಾಲೇಜಿಗೆ ಬಸ್ಸು. "ಇದನ್ನ ನಿಮಗೆ ಹೇಳಿದ್ನಾ, ಅಲ್ಲಿ ಹೇಳಿದ್ನಾ?" ಅಂತ ಎರಡು ಸಲ ಕೇಳಿದ್ದಾರೆ. ನಾನು ರಾತ್ರಿಯೆಲ್ಲ ಕೂತು ಬರೆದ ಪ್ರಬಂಧ ಏಳು ವಾರ ಬಿಟ್ಟು ಬಂತು. ಒಂದು ಟಿಕ್, ಒಂದು ನಂಬರ್, ಅಷ್ಟೇ. ಸಿಟ್ಟು ಬಂದಿತ್ತು. ಆಮೇಲೆ ನನ್ನ ಕಾಮರ್ಸ್ ಬುದ್ಧಿ ಲೆಕ್ಕ ಹಾಕಿತು. ಕ್ಲಾಸಿನಲ್ಲಿ 58 ಜನ. ಒಂದು ಪ್ರಬಂಧಕ್ಕೆ 20 ನಿಮಿಷ ಅಂದರೂ 19 ಗಂಟೆ ದಾಟುತ್ತೆ. ಅವರಿಗೆ ದುಡ್ಡು ಬರುವುದು ಕ್ಲಾಸಿನಲ್ಲಿ ನಿಂತ ಗಂಟೆಗೆ ಮಾತ್ರ. ತಯಾರಿಗಿಲ್ಲ, ತಿದ್ದುವುದಕ್ಕಿಲ್ಲ, ರಜೆಗಂತೂ ಇಲ್ಲವೇ ಇಲ್ಲ. ಸಿಟ್ಟು ಇಳಿಯಲಿಲ್ಲ, ಆದರೆ ಸರ್ ಮೇಲಿದ್ದದ್ದು ಬೇರೆ ಕಡೆಗೆ ತಿರುಗಿತು. ಫೀಸು ಮಾತ್ರ ನಾವು ಎಲ್ಲರಷ್ಟೇ ಕಟ್ಟಿದ್ದೆವಲ್ಲ!

ಮೂರನೆಯ ಕೋರ್ಸ್ ಚೆನ್ನಾಗಿರಲಿಲ್ಲ. ಗುಹೆಯಿಂದ ಇವತ್ತಿನವರೆಗೆ ಹದಿನಾರು ವಾರ, ಏಷ್ಯಾ ಪೂರ್ತಿ ಒಂದೇ ವಾರದಲ್ಲಿ ಮುಗಿಸಬೇಕಂತೆ! ಸಿಲಬಸ್ ಮಾಡಿದ್ದು ಬೇರೆ ಯಾರೋ, ಮೇಡಂಗೆ ಆದೇಶ ಸಿಕ್ಕಿದ್ದು ಕ್ಲಾಸು ಶುರುವಾಗುವ ನಾಲ್ಕು ದಿನ ಮುಂಚೆ. ಪಾಪ, ಸ್ಲೈಡ್ ಓದಿ ಹೇಳುತ್ತಿದ್ದರು. ಒಂದೇ ಒಂದು ದಿನ, ಗೋಡೆಚಿತ್ರದ ಪಾಠ ಬಂದಾಗ, ಬೇರೆಯೇ ಮನುಷ್ಯರಾದರು, ಅದು ಅವರ ಪಿಎಚ್‌ಡಿ ವಿಷಯವಂತೆ. ಹಸಿ ಸುಣ್ಣದ ಗಾರೆಯ ಮೇಲೆ ಬರೆದರೆ ಗಾರೆ ಗಟ್ಟಿಯಾಗುತ್ತಾ ಬಣ್ಣವನ್ನು ಹಿಡಿದುಕೊಳ್ಳುತ್ತೆ, ಆದರೆ ಅವತ್ತಿನ ಭಾಗ ಅವತ್ತೇ ಮುಗಿಸಬೇಕು. ಲಿಯೊನಾರ್ಡೊಗೆ ನಿಧಾನವಾಗಿ, ಬಿಟ್ಟು ಬಿಟ್ಟು, ತಿದ್ದಿ ತಿದ್ದಿ ಬರೆಯುವ ಚಾಳಿ. ಹಾಗಾಗಿ ಯೇಸುವಿನ ‘ಕೊನೆಯ ಭೋಜನ’ದ ಚಿತ್ರವನ್ನು ಒಣ ಗೋಡೆಯ ಮೇಲೆ ಬರೆದ, ಅವನು ಬದುಕಿದ್ದಾಗಲೇ ಬಣ್ಣ ಏಳತೊಡಗಿತು. 1978ರಲ್ಲಿ ಶುರುವಾದ ದುರಸ್ತಿ ಮುಗಿದದ್ದು 1999ಕ್ಕೆ. ಇಷ್ಟು ಹೇಳುವಾಗ ಮೇಡಂ ಒಮ್ಮೆಯೂ ಸ್ಲೈಡಿನ ಕಡೆ ತಿರುಗಲಿಲ್ಲ. ಅವರಿಗೆ ಗೊತ್ತಿರುವುದನ್ನೇ ಪಾಠ ಮಾಡಿ ಅಂತ ಬಿಟ್ಟಿದ್ದರೆ ನಾನು ಅವರಿಗೆ ಕೊಡುವ ಅಂಕ ಬೇರೆ ಇರುತ್ತಿತ್ತು. ಮೊದಲ ಮೇಡಂಗೆ ಐದಕ್ಕೆ ಐದು, ಸರ್‌ಗೆ ನಾಲ್ಕು, ಮೂರನೆಯವರಿಗೆ ಎರಡೂವರೆ. ಅವರನ್ನು ನಡೆಸಿಕೊಳ್ಳುವ ವಿಭಾಗಕ್ಕೆ ಒಂದು, ಅದೂ ಪ್ರೊಜೆಕ್ಟರ್ ಚೆನ್ನಾಗಿತ್ತು ಅಂತ.

ಯಾಕೆ ಒಂದು? ಮೂವರಿಗೂ ಕೂರಲು ರೂಮಿಲ್ಲ. ನನ್ನ ಡೌಟುಗಳೆಲ್ಲ ಪರಿಹಾರ ಆಗಿದ್ದು ಮೆಟ್ಟಿಲ ಮೇಲೆ, ಸೈಕಲ್ ಸ್ಟ್ಯಾಂಡಿನ ಹತ್ತಿರ. ಲ್ಯಾಪ್‌ಟಾಪ್, ಅದರ ವೈರು, ಪಾಯಿಂಟರ್ ಎಲ್ಲ ಅವರದೇ, ದಿನಾ ಹೊತ್ತು ತರಬೇಕು. ಸೆಮಿಸ್ಟರ್ ಮುಗಿದರೆ ಮೇಲ್ ಐಡಿಯೂ ಬಂದ್. ಮುಂದೆ ನನಗೆ ಮ್ಯೂಸಿಯಂ ಕೋರ್ಸಿಗೆ ಶಿಫಾರಸು ಪತ್ರ ಬೇಕಾಯಿತು, ಮೊದಲ ಮೇಡಂಗೆ ಬರೆದ ಮೇಲ್ ಹಾಗೇ ವಾಪಸ್ ಬಂತು. ವಿಭಾಗದ ಆಫೀಸಿನಲ್ಲಿ ಕೇಳಿದರೆ "ಅವರು ಈಗ ನಮ್ಮಲ್ಲಿಲ್ಲ", ನಂಬರ್ ಕೊಡಲ್ಲ. ಹೇಗೋ ಅವರ ದುರಸ್ತಿ ಕೆಲಸದ ಜಾಗ ಹುಡುಕಿ ಹೋದೆ. ಎರಡೇ ದಿನದಲ್ಲಿ ಎರಡು ಪುಟ ಬರೆದು ಕೊಟ್ಟರು, ನಾನು ನಾಯಿ ಬಗ್ಗೆ ವಾದ ಮಾಡಿದ್ದನ್ನೂ ನೆನಪಿಟ್ಟು ಬರೆದಿದ್ದರು. ಆದರೆ ಲೆಟರ್‌ಹೆಡ್ ಇರಲಿಲ್ಲ, ಅದನ್ನು ಬಳಸುವ ಹಕ್ಕು ಈಗ ಅವರಿಗಿಲ್ಲ. ಆ ಕೋರ್ಸಿನವರು ಲೆಟರ್‌ಹೆಡ್ ಇಲ್ಲದ ಪತ್ರ ಬೇಡ ಅಂದರು. ಕೊನೆಗೆ ಕೊಟ್ಟಿದ್ದು, ನನ್ನ ಮುಖ ಸರಿಯಾಗಿ ಗೊತ್ತಿಲ್ಲದ ಕಾಯಂ ಪ್ರೊಫೆಸರ್ ಒಬ್ಬರ ಆರು ಸಾಲಿನ ಪತ್ರ.

ನನ್ನ ಹಾಗೆ ಒಂದೆರಡು ವಿಷಯ ತೆಗೆದುಕೊಳ್ಳುವವರಾದರೆ ಧೈರ್ಯವಾಗಿ ಸೇರಿ, ಹೆಸರಿನ ಪಕ್ಕ ಏನು ಬರೆದಿದೆ ಅಂತ ನೋಡಬೇಡಿ, ಮೇಷ್ಟ್ರು ಬೇರೆ ಏನು ಕೆಲಸ ಮಾಡುತ್ತಾರೆ ಅಂತ ವಿಚಾರಿಸಿ. ಕಲಾ ಇತಿಹಾಸವನ್ನೇ ಪೂರ್ತಿ ಓದುವವರಿಗೆ ಮಾತ್ರ ಎರಡು ವರ್ಷ ಅಲ್ಲೇ ಇರುವ ಒಬ್ಬ ಗೈಡ್ ಬೇಕೇ ಬೇಕು. ಮೊದಲ ವಾರವೇ ಮೇಷ್ಟ್ರ ಸ್ವಂತ ಮೇಲ್ ಐಡಿ ಕೇಳಿ ಬರೆದಿಟ್ಟುಕೊಳ್ಳಿ. ಶಿಫಾರಸು ಪತ್ರ ಈಗ ಬೇಡದಿದ್ದರೂ ಸೆಮಿಸ್ಟರ್ ಮುಗಿಯುವ ಮುಂಚೆ ಕೇಳಿ ಬರೆಸಿಕೊಳ್ಳಿ, ಲೆಟರ್‌ಹೆಡ್ ಮೇಲೆ, ಸೀಲ್ ಹಾಕಿಸಿ.